ವೀಸಾ-ವಿನಾಯಿತಿಯೂ ಮುಂಗಡ ಪ್ರಯಾಣಾನುಮತಿಯೂ: ಒಂದು ವಿಮರ್ಶೆ

ಕೆಲವು ರಾಷ್ಟ್ರಗಳ ಪ್ರಜೆಗಳಿಗೆ ವೀಸಾ ಅಗತ್ಯವಿಲ್ಲ. ಆದರೆ ಅವರು ಪ್ರಯಾಣ ಹೊರಡುವ ಮೊದಲೇ ಅನುಮತಿಯನ್ನು ಪಡೆದಿರತಕ್ಕದ್ದು. ಅಮೆರಿಕ ಸಂಯುಕ್ತ ಸಂಸ್ಥಾನ, ಕೆನಡ, ನ್ಯೂಜಿಲೆಂಡ್, ದಕ್ಷಿಣ ಕೊರಿಯ, ಬ್ರಿಟನ್ ಮೊದಲಾದ ದೇಶಗಳು ಕಳೆದ ಎರಡು ದಶಕಗಳಲ್ಲಿ ಒಂದರ ಹಿಂದೆ ಒಂದರಂತೆ ಈ ನಿಯಮವನ್ನು ಜಾರಿಗೆ ತಂದಿವೆ. ಐರೋಪ್ಯ ಒಕ್ಕೂಟವು 2018ರಲ್ಲಿಯೇ ಇದಕ್ಕೆ ಬೇಕಾದ ಶಾಸನವನ್ನು ರಚಿಸಿ, ಆರಂಭದ ದಿನವನ್ನು ಹಲವು ಬಾರಿ ಮುಂದೂಡಿ, ಕಡೆಗೆ 2026ರ ಕೊನೆಯ ಮೂರು ತಿಂಗಳಲ್ಲಿ ಕಾರ್ಯಾರಂಭವೆಂದು 2025ರಲ್ಲಿ ಪ್ರಕಟಿಸಿತು. ಆಯಾ ದೇಶಗಳಲ್ಲಿ ಇದಕ್ಕೆ ಬೇರೆ ಬೇರೆ ಹೆಸರುಗಳಿವೆ. ವಿದ್ಯುನ್ಮಾನ ಪ್ರಯಾಣಾನುಮತಿ ಎಂಬುದು ಎಲ್ಲಕ್ಕೂ ಸಲ್ಲುವ ಮಾತು. ಇದು ವೀಸಾ ಅಲ್ಲವೆಂದು ಅಮೆರಿಕ, ಬ್ರಿಟನ್‌ಗಳ ಸರ್ಕಾರಗಳು ಒತ್ತಿ ಹೇಳುತ್ತ ಬಂದಿವೆ. ವೀಸಾ ಅಲ್ಲದಿದ್ದರೆ ಮತ್ತೇನು? ಸ್ನಾತಕೋತ್ತರ ತರಗತಿಯಲ್ಲಿ ವಿದ್ಯಾರ್ಥಿನಿಯೊಬ್ಬಳು ಹೀಗೆ ಕೇಳಿದಾಗ ನಮ್ಮಲ್ಲಿ ಸರಿಯಾದ ಉತ್ತರವಿರಲಿಲ್ಲ. ಪ್ರಕೃತ ಲೇಖನವು ಆ ಪ್ರಶ್ನೆಗೆ ತಡವಾಗಿ ಸಲ್ಲಿಸುತ್ತಿರುವ ಉತ್ತರ.

ಮೊದಲು ಇದರ ಕಾರ್ಯವಿಧಾನವನ್ನು ಸಂಕ್ಷೇಪವಾಗಿ ತಿಳಿಯುವುದು ಅವಶ್ಯಕ. ಪ್ರಯಾಣಿಕನು ಮನೆಯಲ್ಲಿಯೇ ಕುಳಿತು, ಗಣಕಯಂತ್ರದ ಅಥವಾ ಮೊಬೈಲಿನ ಮೂಲಕ, ತನ್ನ ಹೆಸರು, ಜನ್ಮದಿನಾಂಕ, ಪಾಸ್‌ಪೋರ್ಟಿನ ಸಂಖ್ಯೆ ಮುಂತಾದವನ್ನು ನಮೂದಿಸುತ್ತಾನೆ, ಪೂರ್ವಾಪರಾಧಗಳೇ ಮೊದಲಾದ ವಿಷಯಗಳನ್ನು ಕುರಿತ ಕೆಲವು ಪ್ರಶ್ನೆಗಳಿಗೆ ಉತ್ತರವೀಯುತ್ತಾನೆ, ಶುಲ್ಕವನ್ನು ತೆರುತ್ತಾನೆ. ಈ ವಿವರಗಳನ್ನು ಸರ್ಕಾರವು ಇಟ್ಟಿರುವ ಪಟ್ಟಿಗಳೊಡನೆ ಯಂತ್ರವು ಹೋಲಿಸಿ ನೋಡುತ್ತದೆ. ಬಹುಪಾಲು ಅರ್ಜಿದಾರರಿಗೆ ಕೆಲವು ನಿಮಿಷಗಳಲ್ಲಿಯೋ ಕೆಲವು ದಿನಗಳಲ್ಲಿಯೋ ಒಪ್ಪಿಗೆ ದೊರೆಯುತ್ತದೆ. ಪಾಸ್‌ಪೋರ್ಟಿನ ಪುಟದ ಮೇಲೆ ಮೊಹರು ಬೀಳುವುದಿಲ್ಲ, ಅಧಿಕಾರಿಯ ರುಜುವಿರುವುದಿಲ್ಲ. ಒಪ್ಪಿಗೆಯು ಪಾಸ್‌ಪೋರ್ಟಿನ ಸಂಖ್ಯೆಯನ್ನು ಆಶ್ರಯಿಸಿಕೊಂಡು ದೂರದ ಯಾವುದೋ ಯಂತ್ರದಲ್ಲಿ ಉಳಿದಿರುತ್ತದೆ. ಅಮೆರಿಕ, ಬ್ರಿಟನ್‌ಗಳಲ್ಲಿ ಎರಡು ವರ್ಷ, ಐರೋಪ್ಯ ಒಕ್ಕೂಟದ ಶಾಸನದಲ್ಲಿ ಮೂರು ವರ್ಷ, ಕೆನಡದಲ್ಲಿ ಐದು ವರ್ಷ ಇದಕ್ಕೆ ಆಯುಸ್ಸು. ವಿಮಾನನಿಲ್ದಾಣದಲ್ಲಿ ಕಂಪನಿಯ ಸಿಬ್ಬಂದಿ ಪಾಸ್‌ಪೋರ್ಟನ್ನು ಪರೀಕ್ಷಿಸುವ ಹೊತ್ತಿಗೆ, ಈ ವ್ಯಕ್ತಿಯನ್ನು ಹತ್ತಿಸಿಕೊಳ್ಳಬಹುದೋ ಕೂಡದೋ ಎಂಬ ಉತ್ತರ ಆ ಯಂತ್ರದಿಂದ ಬಂದಿರುತ್ತದೆ. ಇಷ್ಟಾಗಿಯೂ ಒಪ್ಪಿಗೆಯು ಪ್ರವೇಶದ ಹಕ್ಕಲ್ಲ. ಇಳಿದ ಮೇಲೆ ಗಡಿಯ ಅಧಿಕಾರಿಯು ಮತ್ತೊಮ್ಮೆ ವಿಚಾರಿಸಿ ಹಿಂದಕ್ಕೆ ಕಳುಹಿಸಬಹುದು.

ಈಗ ಹೆಸರಿನ ವಿಚಾರ. ವೀಸಾ ಎಂಬ ಲ್ಯಾಟಿನ್ ಮೂಲದ ಪದಕ್ಕೆ 'ನೋಡಲ್ಪಟ್ಟದ್ದು' ಎಂಬುದಷ್ಟೇ ಅರ್ಥ. ಹೋಗಬೇಕಾದ ದೇಶದ ಅಧಿಕಾರಿಯು ಪ್ರಯಾಣಿಕನ ಕಾಗದವನ್ನು ಮುಂಚಿತವಾಗಿ ನೋಡಿದ್ದಾನೆ, ಆಕ್ಷೇಪಣೆಯಿಲ್ಲ ಎಂದು ತಿಳಿಸುವ ಗುರುತು ಅದು. ಹೊರಡುವ ಮುನ್ನವೇ ತೀರ್ಮಾನವಾಗುವುದು, ಆ ತೀರ್ಮಾನವು ಹೋಗಬೇಕಾದ ದೇಶದ್ದಾಗಿರುವುದು, ಅದಿಲ್ಲದೆ ವಾಹನವನ್ನು ಏರಲಾಗದಿರುವುದು: ಇವು ವೀಸಾದ ಲಕ್ಷಣಗಳೆಂದಾದರೆ, ಹೊಸ ಅನುಮತಿಯಲ್ಲಿಯೂ ಇವು ಮೂರೂ ಇವೆ. ಇಲ್ಲದಿರುವುದು ಕಾನ್ಸಲ್ ಕಚೇರಿಯ ಬಾಗಿಲಲ್ಲಿ ಕಾಯುವ ಸಾಲು, ಸಂದರ್ಶನ ಮತ್ತು ದೊಡ್ಡ ಮೊತ್ತದ ಶುಲ್ಕ. ಇವು ಅನುಕೂಲದ ವಿಚಾರಗಳೇ ಹೊರತು ಸ್ವರೂಪದ ವಿಚಾರಗಳಲ್ಲ.

ಇದಕ್ಕೆ ಸಾಕ್ಷ್ಯವನ್ನು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಸರ್ಕಾರಗಳ ನಡತೆಯಲ್ಲಿಯೇ ಅದು ದೊರೆಯುತ್ತದೆ. ಈ ಪದ್ಧತಿಯನ್ನು 1996ರಲ್ಲಿ ಮೊದಲು ಬಳಕೆಗೆ ತಂದ ಆಸ್ಟ್ರೇಲಿಯದಲ್ಲಿ ಅದು ಕಾನೂನಿನ ದೃಷ್ಟಿಯಿಂದ ವೀಸಾದ ಒಂದು ವರ್ಗವೇ ಆಗಿದೆ. ಪರದೇಶದವರೆಲ್ಲರಿಗೂ ವೀಸಾ ಬೇಕೆಂಬುದು ಅಲ್ಲಿಯ ಸಾಮಾನ್ಯ ನಿಯಮವಾದ್ದರಿಂದ ಹೆಸರನ್ನು ಮರೆಮಾಡುವ ಕಾರಣ ಅವರಿಗೆ ಒದಗಲಿಲ್ಲ. ನಮ್ಮ ಭಾರತ ಸರ್ಕಾರವು 2014ರ ನವೆಂಬರ್ 27ರಂದು 43 ದೇಶಗಳ ಪ್ರವಾಸಿಗಳಿಗಾಗಿ ತೆರೆದ ಯೋಜನೆಗೆ 'ಆಗಮನಾನಂತರದ ವೀಸಾ' ಎಂದು ಹೆಸರಿತ್ತು. ಆದರೆ ಬರುವ ಮೊದಲೇ ವಿದ್ಯುನ್ಮಾನ ಪ್ರಯಾಣಾನುಮತಿಯನ್ನು ಪಡೆದಿರಬೇಕಾಗಿತ್ತು. ಇಳಿದ ಮೇಲೆ ವೀಸಾ ಕೊಡುವರೆಂದು ನಂಬಿ ಪ್ರವಾಸಿಗಳು ಗೊಂದಲಕ್ಕೊಳಗಾಗತೊಡಗಿದ್ದರಿಂದ 2015ರ ಏಪ್ರಿಲಿನಲ್ಲಿ ಹೆಸರನ್ನು 'ಇ-ಟೂರಿಸ್ಟ್ ವೀಸಾ' ಎಂದು ಬದಲಾಯಿಸಲಾಯಿತು. ಕೀನ್ಯ ದೇಶವು ಇದರ ವಿಲೋಮವನ್ನು ಮಾಡಿತು. 2024ರ ಜನವರಿಯಿಂದ ಯಾರಿಗೂ ವೀಸಾ ಬೇಡವೆಂದು ಸಾರಿ, ಪ್ರತಿಯಾಗಿ 30 ಡಾಲರುಗಳ ವಿದ್ಯುನ್ಮಾನ ಅನುಮತಿಯನ್ನು ಕಡ್ಡಾಯ ಮಾಡಿತು. ಮೊದಲು ವೀಸಾ ಇಲ್ಲದೆಯೇ ಬರುತ್ತಿದ್ದ ಹಲವು ದೇಶಗಳ ಜನರು ಈ ಉದಾರತೆಯಿಂದಾಗಿ ಅರ್ಜಿ ಹಾಕಿ ಹಣ ತೆರಬೇಕಾಯಿತು. ಆಫ್ರಿಕದ ಬಹುತೇಕ ದೇಶಗಳಿಗೆ 2025ರಲ್ಲಿ ಈ ಕಟ್ಟಳೆಯಿಂದ ಬಿಡುಗಡೆ ದೊರೆಯಿತು. ವಸ್ತು ಒಂದೇ. ಒಂದು ದೇಶ ಅದನ್ನು ವೀಸಾ ಎಂದು ಒಪ್ಪಿಕೊಂಡಿತು, ಇನ್ನೊಂದು ತಿದ್ದಿಕೊಂಡು ಒಪ್ಪಿತು, ಮತ್ತೊಂದು ವೀಸಾವನ್ನು ರದ್ದು ಮಾಡಿದೆನೆಂದು ಹೇಳಿಕೊಂಡಿತು.

ಇಂಥ ಲೇಖನಗಳನ್ನು ಕೌಟಿಲ್ಯನಿಂದ ಆರಂಭಿಸುವುದು ನಮ್ಮಲ್ಲಿ ರೂಢಿ. ಆರಂಭದಲ್ಲಿ ತಪ್ಪಿಸಿದೆವಾದರೂ ಪೂರ್ತಿಯಾಗಿ ತಪ್ಪಿಸುವಂತಿಲ್ಲ. ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮುದ್ರಾಧ್ಯಕ್ಷನೆಂಬ ಅಧಿಕಾರಿಯೇ ಇದ್ದಾನೆ. ಒಂದು ಮಾಷಕವನ್ನು ತೆತ್ತು ಮುದ್ರೆಯನ್ನು ಪಡೆದವನು ಜನಪದವನ್ನು ಪ್ರವೇಶಿಸಬಹುದು, ಬಿಟ್ಟು ಹೋಗಬಹುದು. ಮುದ್ರೆಯಿಲ್ಲದ ಸ್ವದೇಶೀಯನಿಗೆ 12 ಪಣಗಳ ದಂಡ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು ಪ್ರಕಟಿಸಿ, 1915ರಲ್ಲಿ ಪುಸ್ತಕರೂಪಕ್ಕೆ ಬಂದ ತಮ್ಮ ಇಂಗ್ಲಿಷ್ ಅನುವಾದದಲ್ಲಿ ಈ ಅಧಿಕಾರಿಯನ್ನು 'ಪಾಸ್‌ಪೋರ್ಟುಗಳ ಅಧ್ಯಕ್ಷ'ನೆಂದು ಕರೆದರು. ಆದರೆ ಮೌರ್ಯರ ಮುದ್ರೆಯಿಂದ ಇಂದಿನ ಯಂತ್ರದವರೆಗೆ ಒಂದೇ ದಾರವನ್ನು ಎಳೆಯುವುದು ಇತಿಹಾಸವಾಗುವುದಿಲ್ಲ. ಮುದ್ರೆಯನ್ನು ತೆತ್ತು ಪಡೆದವನಿಗೆ ದಾರಿ ತೆರೆಯಿತು. ಅವನು ಯಾವ ನಾಡಿನವನೆಂಬುದು ದಂಡದ ಪ್ರಮಾಣವನ್ನು ವ್ಯತ್ಯಾಸಗೊಳಿಸುತ್ತಿತ್ತೇ ವಿನಾ ಜಗತ್ತಿನ ಜನರನ್ನು ವಿನಾಯಿತಿಯುಳ್ಳವರು, ಇಲ್ಲದವರು ಎಂದು ವಿಂಗಡಿಸುತ್ತಿರಲಿಲ್ಲ. ಈ ವಿಂಗಡಣೆ ಆಧುನಿಕವಾದುದು. ಶಾಸ್ತ್ರಿಗಳ ಅನುವಾದ ಅಚ್ಚಾದ ವರ್ಷಗಳಲ್ಲಿಯೇ ಪಾಸ್‌ಪೋರ್ಟು ಎಂಬ ಇಂಗ್ಲಿಷ್ ಪದದ ಅರ್ಥವೂ ಬದಲಾಗುತ್ತಿತ್ತೆಂಬುದನ್ನು ಮಾತ್ರ ಇಲ್ಲಿ ಗಮನಿಸಿದರೆ ಸಾಕು.

ಆ ಬದಲಾವಣೆಯನ್ನು ಕುರಿತು ಬಂದಿರುವ ಗ್ರಂಥಗಳಲ್ಲಿ ಜಾನ್ ಟಾರ್ಪಿಯವರ 'ದಿ ಇನ್ವೆನ್ಷನ್ ಆಫ್ ದಿ ಪಾಸ್‌ಪೋರ್ಟ್' (2000) ಪ್ರಸಿದ್ಧವಾದುದು. ಸಂಚಾರಕ್ಕೆ ಅಪ್ಪಣೆ ಕೊಡುವ ಅಧಿಕಾರವು ಒಡೆಯರು, ಮಠಗಳು ಮುಂತಾದ ಖಾಸಗಿ ಕೈಗಳಿಂದ ರಾಜ್ಯದ ಏಕಸ್ವಾಮ್ಯಕ್ಕೆ ಹೇಗೆ ಬಂದಿತೆಂಬುದು ಅದರ ಪ್ರತಿಪಾದ್ಯ. ಫ್ರೆಂಚ್ ಕ್ರಾಂತಿಯ ಮತ್ತು ಜರ್ಮನಿಯ ಕುರಿತ ಅಧ್ಯಾಯಗಳು ನಿಜಕ್ಕೂ ಬೆಲೆಯುಳ್ಳವು. ಆದರೆ ವಸಾಹತುಗಳಿಗೆ ಅದರಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಈ ಕೊರತೆಯನ್ನು ತುಂಬಿದವರು ರಾಧಿಕಾ ಮೊಂಗಿಯಾ. 1999ರ ಪ್ರಬಂಧದಲ್ಲಿಯೂ 2018ರ ಗ್ರಂಥದಲ್ಲಿಯೂ ಅವರು ತೋರಿಸಿರುವಂತೆ, ರಾಷ್ಟ್ರೀಯತೆಯ ಆಧಾರದ ಮೇಲೆ ಸಂಚಾರವನ್ನು ತಡೆಯುವ ಪಾಸ್‌ಪೋರ್ಟು ರೂಪುಗೊಂಡದ್ದು ಯೂರೋಪಿನೊಳಗಿನ ಗಡಿಗಳಲ್ಲಿ ಮಾತ್ರವಲ್ಲ. ಕೆನಡಕ್ಕೆ ಹೊರಟ ಭಾರತೀಯರನ್ನು ತಡೆಯುವುದು ಹೇಗೆಂದು ಒಟ್ಟಾವ, ಲಂಡನ್ ಮತ್ತು ಭಾರತ ಸರ್ಕಾರಗಳ ನಡುವೆ ನಡೆದ ಪತ್ರವ್ಯವಹಾರದಲ್ಲಿಯೂ ಕೂಡ. ನಮ್ಮ ವಾದಕ್ಕೆ ಟಾರ್ಪಿಯವರಿಗಿಂತ ಇವರೇ ಹೆಚ್ಚು ಆಧಾರ.

1908ರಲ್ಲಿ ಕೆನಡ ಸರ್ಕಾರವು ಹೊರಡಿಸಿದ ಆಜ್ಞೆಯ ಪ್ರಕಾರ, ವಲಸೆಗಾರನು ತಾನು ಹುಟ್ಟಿದ ಅಥವಾ ಪೌರನಾಗಿರುವ ದೇಶದಿಂದ, ಅಲ್ಲಿಂದ ಹೊರಡುವ ಮೊದಲೇ ಕೊಂಡ ಟಿಕೆಟಿನ ಮೇಲೆ, ಎಲ್ಲಿಯೂ ಮುರಿಯದ ಪ್ರಯಾಣದಿಂದ ಬರತಕ್ಕದ್ದು. ಭಾರತೀಯರೆಂಬ ಹೆಸರು ಆ ಆಜ್ಞೆಯಲ್ಲಿಲ್ಲ. ಭಾರತೀಯರು ಬ್ರಿಟಿಷ್ ಚಕ್ರಾಧಿಪತ್ಯದ ಪ್ರಜೆಗಳಾಗಿದ್ದುದರಿಂದ ಹೆಸರು ಹಿಡಿದು ಹೊರಗಿಡುವುದು ಸಾಮ್ರಾಜ್ಯಕ್ಕೆ ಮುಜುಗರದ ಸಂಗತಿಯಾಗಿತ್ತು. ಆದ್ದರಿಂದ ಹಡಗಿನ ಕಂಪನಿಗಳು ಭಾರತದಿಂದ ಕೆನಡಕ್ಕೆ ನೇರ ಟಿಕೆಟನ್ನು ಮಾರದಂತೆ ನೋಡಿಕೊಳ್ಳಲಾಯಿತು. ಕಾಗದದ ಮೇಲೆ ಬಾಗಿಲು ತೆರೆದೇ ಇತ್ತು; ಟಿಕೆಟಿನ ಕಿಂಡಿ ಮುಚ್ಚಿತ್ತು. ಇದನ್ನು ಎದುರಿಸಲೆಂದು ಗುರ್ದಿತ್ ಸಿಂಗರು ಬಾಡಿಗೆಗೆ ಹಿಡಿದ 'ಕೊಮಗಾಟ ಮಾರು' ಹಡಗು 376 ಪ್ರಯಾಣಿಕರೊಡನೆ 1914ರ ಮೇ 23ರಂದು ವ್ಯಾಂಕೂವರನ್ನು ಮುಟ್ಟಿ, ಎರಡು ತಿಂಗಳು ಲಂಗರು ಹಾಕಿ ನಿಂತು, ಜುಲೈ 23ರಂದು ಮರಳಿತು. ಇಳಿಯಲು ಅಪ್ಪಣೆ ದೊರೆತವರು ಇಪ್ಪತ್ತಕ್ಕೆ ಸ್ವಲ್ಪ ಮೀರಿದಷ್ಟು ಜನ. ಹಿಂದಿರುಗಿದ ಮೇಲೆ ಕಲ್ಕತ್ತೆಯ ಬಳಿಯ ಬಜ್ ಬಜ್‌ನಲ್ಲಿ ನಡೆದ ಗೋಲಿಬಾರು ನಮ್ಮ ವಿದ್ಯಾರ್ಥಿಗಳಿಗೆ ತಿಳಿದ ವಿಷಯವೇ ಆಗಿದೆ.

ಕೊಮಗಾಟ ಮಾರುವಿನ ಕಥೆಯನ್ನು ಗದರ್ ಚಳವಳಿಯ ಅಧ್ಯಾಯದಲ್ಲಿ ಓದಿಸಿ ಮುಗಿಸುವುದು ವಾಡಿಕೆ. ಆಡಳಿತದ ಇತಿಹಾಸದಲ್ಲಿ ಅದಕ್ಕಿರುವ ಸ್ಥಾನವನ್ನು ನಾವು ಸಾಕಷ್ಟು ಗಮನಿಸಿಲ್ಲ. ಗಡಿಯನ್ನು ಪ್ರಯಾಣಿಕನು ತಲಪುವ ಬಂದರಿನಿಂದ ಅವನು ಹೊರಡುವ ಬಂದರಿಗೆ ಸಾಗಿಸುವುದು, ಕಾವಲಿನ ಕೆಲಸವನ್ನು ಟಿಕೆಟು ಮಾರುವವನಿಗೆ ಒಪ್ಪಿಸುವುದು: ಇವೆರಡೂ ಅಲ್ಲಿ ಪ್ರಯೋಗಕ್ಕೆ ಬಂದವು. ಅಮೆರಿಕವು 1924ರ ವಲಸೆ ಕಾಯಿದೆಯಲ್ಲಿ ವಿದೇಶದಲ್ಲಿರುವ ತನ್ನ ಕಾನ್ಸಲರ ಮುಖಾಂತರ ಇದನ್ನೇ ಕ್ರಮಬದ್ಧಗೊಳಿಸಿತು. ಬ್ರಿಟನ್ 1987ರಲ್ಲಿ, ಭಾರತವು 2000ದಲ್ಲಿ, ದಾಖಲೆಯಿಲ್ಲದವರನ್ನು ಕರೆತಂದ ಸಾರಿಗೆ ಕಂಪನಿಗಳಿಗೆ ದಂಡ ವಿಧಿಸುವ ಕಾಯಿದೆಗಳನ್ನು ಮಾಡಿದವು. ನಮ್ಮ ಆ ಕಾಯಿದೆಯಲ್ಲಿ ದಂಡ ಒಂದು ಲಕ್ಷ ರೂಪಾಯಿಯಾಗಿತ್ತು. ಹೊಸ ಅನುಮತಿಯ ಯಂತ್ರವು 1908ರ ಆಜ್ಞೆಯಿಂದ ನೇರವಾಗಿ ಇಳಿದು ಬಂದಿತೆಂದು ನಾವು ಹೇಳುತ್ತಿಲ್ಲ. ಅಂಥ ವಂಶಾವಳಿಗೆ ಆಧಾರವಿಲ್ಲ. ಸಾಮ್ರಾಜ್ಯದ ಪ್ರಜೆಗಳ ಮೇಲೆ ಒಮ್ಮೆ ಪ್ರಯೋಗವಾದ ಉಪಾಯವು ಈಗ ವಿನಾಯಿತಿಯುಳ್ಳ ಶ್ರೀಮಂತ ರಾಷ್ಟ್ರಗಳ ಪ್ರಜೆಗಳನ್ನೂ ಒಳಗೊಂಡಿದೆಯೆಂಬುದಷ್ಟೇ ನಮ್ಮ ಅಭಿಪ್ರಾಯ. ಕೆನಡದಲ್ಲಿ ವಿದ್ಯುನ್ಮಾನ ಅನುಮತಿ 2016ರ ಮಾರ್ಚ್ 15ರಂದು ಕಡ್ಡಾಯವಾಯಿತು. ಕೊಮಗಾಟ ಮಾರುವಿನ ಪ್ರಕರಣಕ್ಕಾಗಿ ಅಲ್ಲಿಯ ಪ್ರಧಾನಮಂತ್ರಿಗಳು ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು ಅದೇ ವರ್ಷದ ಮೇ 18ರಂದು. ಇದು ಕಾಕತಾಳೀಯವೆಂಬುದರಲ್ಲಿ ಸಂದೇಹವಿಲ್ಲ.

ತಾತ್ಕಾಲಿಕವೆಂದೂ ಕೇವಲ ಔಪಚಾರಿಕವೆಂದೂ ಬಂದ ಕಾಗದಗಳು ಉಳಿದುಕೊಳ್ಳುವ ಬಗೆಯನ್ನೂ ಇಲ್ಲಿಯೇ ಹೇಳಬೇಕು. ಮೊದಲ ಮಹಾಯುದ್ಧದ ಕಾಲದ ಪಾಸ್‌ಪೋರ್ಟು ಕಟ್ಟಳೆಗಳು ಯುದ್ಧದೊಡನೆ ಮುಗಿಯುವುವೆಂಬ ನಂಬಿಕೆ ಯೂರೋಪಿನಲ್ಲಿತ್ತು. 1920ರಲ್ಲಿ ರಾಷ್ಟ್ರಸಂಘದ ಆಶ್ರಯದಲ್ಲಿ ಪ್ಯಾರಿಸಿನಲ್ಲಿ ಸೇರಿದ ಸಮ್ಮೇಳನವು, ನಿರ್ಬಂಧಗಳು ಮುಂದೆ ಪೂರ್ತಿ ತೊಲಗಲೆಂಬ ಆಶಯವನ್ನು ವ್ಯಕ್ತಪಡಿಸಿ, ಅಲ್ಲಿಯವರೆಗೆ ಎಲ್ಲ ದೇಶಗಳಿಗೂ ಒಂದೇ ಮಾದರಿಯ 32 ಪುಟಗಳ ಪುಸ್ತಿಕೆಯನ್ನು ಗೊತ್ತುಮಾಡಿತು. ಪುಸ್ತಿಕೆ ಉಳಿಯಿತು. ಭಾರತದಲ್ಲಿ ಅದೇ 1920ರಲ್ಲಿ ಬಂದ ಪಾಸ್‌ಪೋರ್ಟ್ (ಭಾರತ ಪ್ರವೇಶ) ಕಾಯಿದೆ ಸ್ವಾತಂತ್ರ್ಯವನ್ನೂ ಸಂವಿಧಾನವನ್ನೂ ದಾಟಿ, 2025ರ ವಲಸೆ ಮತ್ತು ವಿದೇಶೀಯರ ಕಾಯಿದೆ ಜಾರಿಗೆ ಬರುವವರೆಗೆ ನಡೆಯಿತು.

ಅಮೆರಿಕದ ಮುಂಗಡ ಅನುಮತಿಯ ಕಥೆಯೂ ಹೀಗೆಯೇ. 2001ರ ದಾಳಿಯ ತರುವಾಯದ ವಿಚಾರಣೆಯ ಶಿಫಾರಸುಗಳನ್ನು ಕಾರ್ಯಗತಗೊಳಿಸಲು 2007ರಲ್ಲಿ ಮಾಡಿದ ಶಾಸನದಿಂದ ಅದು ಹುಟ್ಟಿತು. 2009ರ ಜನವರಿ 12ರಂದು ಕಡ್ಡಾಯವಾಯಿತು. ಆಗ ಶುಲ್ಕವಿರಲಿಲ್ಲ. 2010ರ ಸೆಪ್ಟೆಂಬರಿನಲ್ಲಿ 14 ಡಾಲರುಗಳಾಯಿತು. ಇದರಲ್ಲಿ 10 ಡಾಲರುಗಳು ಅಮೆರಿಕಕ್ಕೆ ಪ್ರವಾಸಿಗಳನ್ನು ಆಕರ್ಷಿಸುವ ಪ್ರಚಾರಕಾರ್ಯಕ್ಕೆ ಮೀಸಲು. ಬಾಗಿಲಲ್ಲಿ ನಿಂತ ಅತಿಥಿಯಿಂದಲೇ ಆಮಂತ್ರಣಪತ್ರಿಕೆಯ ಅಚ್ಚಿನ ಖರ್ಚನ್ನು ವಸೂಲು ಮಾಡುವ ಈ ಏರ್ಪಾಡಿಗೆ ಸಮಾನವಾದುದನ್ನು ನಾವು ಬೇರೆ ಕಂಡಿಲ್ಲ. ಶುಲ್ಕವು 2022ರಲ್ಲಿ 21 ಡಾಲರುಗಳಿಗೂ 2025ರ ಸೆಪ್ಟೆಂಬರ್ 30ರಿಂದ 40 ಡಾಲರುಗಳಿಗೂ ಏರಿತು. ಬ್ರಿಟನ್ನಿನಲ್ಲಿ 2023ರ 10 ಪೌಂಡು 2025ರ ಏಪ್ರಿಲಿಗೆ 16 ಆಯಿತು. ಐರೋಪ್ಯ ಒಕ್ಕೂಟವಂತೂ ಅಂಗಡಿ ತೆರೆಯುವ ಮೊದಲೇ 7 ಯೂರೋಗಳನ್ನು 20ಕ್ಕೆ ಏರಿಸಿರುವುದಾಗಿ 2025ರಲ್ಲಿ ತಿಳಿಸಿತು. ಪಾಸ್‌ಪೋರ್ಟಿಗೆ ನಮ್ಮವರು ಬಳಸಿದ 'ರಹದಾರಿ' ಎಂಬ ಪದವು ಮೊಗಲರ ಕಾಲದಲ್ಲಿ ದಾರಿಯ ಸುಂಕಕ್ಕೂ ಹೆಸರಾಗಿತ್ತೆಂಬುದನ್ನು ನೆನೆದರೆ, ಹೊಸ ಅನುಮತಿಗೆ ಅದಕ್ಕಿಂತ ಒಪ್ಪುವ ಕನ್ನಡ ಮಾತು ಸಿಕ್ಕಲಾರದು.

ಶುಲ್ಕವು ಚಿಕ್ಕ ವಿಚಾರ. ಪ್ರಶ್ನೆಗಳು ಬೆಳೆಯುವುದು ದೊಡ್ಡ ವಿಚಾರ. 2015ರ ಕೊನೆಯಲ್ಲಿ ಅಮೆರಿಕ ಮಾಡಿದ ಶಾಸನದ ಪ್ರಕಾರ, 2011ರ ಮಾರ್ಚ್ 1ರಿಂದೀಚೆಗೆ ಇರಾನ್, ಇರಾಕ್, ಸಿರಿಯ, ಸೂಡಾನ್‌ಗಳಿಗೆ ಹೋಗಿ ಬಂದವರು, ಸರ್ಕಾರಿ ಮತ್ತು ಸೈನಿಕ ಸೇವೆಯಲ್ಲಿ ಹೋದವರ ಹೊರತು, ವಿನಾಯಿತಿಯನ್ನು ಕಳೆದುಕೊಂಡರು. ಪಟ್ಟಿಗೆ ಮುಂದೆ ಬೇರೆ ದೇಶಗಳೂ ಸೇರಿದವು. ಬಿಜಾಪುರದ ಆದಿಲ್‌ಶಾಹಿಗಳ ಕುರಿತ ಪಾರಸೀ ಹಸ್ತಪ್ರತಿಗಾಗಿ ಟೆಹರಾನಿನ ಗ್ರಂಥಭಂಡಾರಕ್ಕೆ ಹೋಗಿಬಂದ ಇಂಗ್ಲೆಂಡಿನ ವಿದ್ವಾಂಸನೊಬ್ಬನು ಅಮೆರಿಕದ ಸಮ್ಮೇಳನಕ್ಕೆ ಹೋಗಬೇಕೆಂದರೆ ಕಾನ್ಸಲ್ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು. ಸಾಮಾಜಿಕ ಜಾಲತಾಣಗಳ ವಿವರವನ್ನು 2016ರಲ್ಲಿ ಐಚ್ಛಿಕವಾಗಿ ಕೇಳತೊಡಗಿದ ಅದೇ ಅರ್ಜಿಯಲ್ಲಿ, ಅದನ್ನು ಕಡ್ಡಾಯ ಮಾಡುವ ಪ್ರಸ್ತಾಪವು 2025ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ವಿನಾಯಿತಿ ಎಂಬ ಮಾತು ಬದಲಾಗಲಿಲ್ಲ.

ಇಷ್ಟು ಹೇಳಿದ ಮೇಲೆ ನಮ್ಮ ವಾದಕ್ಕೆ ಎದುರಾಗುವ ಒಂದು ಆಕ್ಷೇಪಣೆಯನ್ನು ಮನ್ನಿಸಲೇಬೇಕು. ಭಾರತದ ಪಾಸ್‌ಪೋರ್ಟು ಹೊಂದಿದವರಿಗೆ ಅಮೆರಿಕ, ಬ್ರಿಟನ್, ಕೆನಡ ಮತ್ತು ಯೂರೋಪುಗಳ ವಿನಾಯಿತಿಯೇ ಇಲ್ಲ. ಟೊರಾಂಟೋದಲ್ಲಿ ನೆಲೆಸಿ ಕೆನಡದ ಪೌರನಾದ ಕನ್ನಡಿಗನು ಲಂಡನ್ನಿನ ಬಂಧುಗಳ ಮದುವೆಗೆ ಹೊರಟರೆ ಹತ್ತು ನಿಮಿಷದಲ್ಲಿ ಅರ್ಜಿ ಮುಗಿಸುತ್ತಾನೆ. ಅದೇ ಮದುವೆಗೆ ಧಾರವಾಡದಿಂದ ಹೊರಟ ಅವನ ತಾಯಿ ಬ್ಯಾಂಕಿನ ಲೆಕ್ಕಪತ್ರಗಳನ್ನು ಜೋಡಿಸಿಕೊಂಡು, ಬೆರಳಚ್ಚು ಕೊಟ್ಟು, ವಾರಗಟ್ಟಲೆ ಕಾಯಬೇಕು. ಆಕೆಯ ದೃಷ್ಟಿಯಲ್ಲಿ ಮಗನ ಅನುಮತಿ ಹೊರೆಯೇ ಅಲ್ಲ. ಕೆನಡವು 2017ರಲ್ಲಿ ಬ್ರೆಜಿಲ್, ಬಲ್ಗೇರಿಯ, ರೊಮೇನಿಯಗಳ, 2023ರಲ್ಲಿ ಇನ್ನೂ 13 ದೇಶಗಳ ಕೆಲವು ಪ್ರಯಾಣಿಕರಿಗೆ ವೀಸಾದ ಬದಲಾಗಿ ವಿದ್ಯುನ್ಮಾನ ಅನುಮತಿಯೇ ಸಾಕೆಂದಾಗ ಅವರಿಗೆ ಅದು ನಿಜವಾದ ಬಿಡುಗಡೆಯಾಗಿತ್ತು. ಈ ಆಕ್ಷೇಪಣೆಯಲ್ಲಿ ಹುರುಳಿದೆ. ಏನೂ ಕೇಳದೆ ಗಡಿ ದಾಟುತ್ತಿದ್ದ ಸುವರ್ಣಯುಗವೊಂದು ಅಳಿಯಿತೆಂದು ಯೂರೋಪಿನ ಕೆಲವರು ಮರುಗುವಾಗ ನಾವು ಆ ದನಿಗೆ ದನಿ ಸೇರಿಸಲಾರೆವು. ಆ ಯುಗ ನಮ್ಮವರದಾಗಿರಲಿಲ್ಲ. ಆದರೆ ಆಕ್ಷೇಪಣೆಯು ನಮ್ಮ ಮಾತನ್ನು ಅಲ್ಲಗಳೆಯುವುದಕ್ಕಿಂತ ಸಮರ್ಥಿಸುತ್ತದೆ. ಮೇಲಿನಿಂದ ಇಳಿಯುವವನಿಗೆ ನಿರ್ಬಂಧವಾಗಿಯೂ ಕೆಳಗಿನಿಂದ ಹತ್ತುವವನಿಗೆ ಸಡಿಲಿಕೆಯಾಗಿಯೂ ತೋರುವ ಮೆಟ್ಟಿಲು ವೀಸಾದ ಏಣಿಯಲ್ಲಿಯೇ ಇರುವ ಮೆಟ್ಟಿಲು. ಅದನ್ನು ಏಣಿಯ ಹೊರಗಿನದೆಂದು ಹೇಳುವುದು ಮಾತ್ರ ಸಾಧುವಲ್ಲ.

ಹೆಸರಿನ ಈ ಜಗಳ ಕೇವಲ ಪಾಂಡಿತ್ಯದ್ದಲ್ಲವೆಂಬುದು ನಿರಾಕರಣೆಯ ಸಂದರ್ಭದಲ್ಲಿ ವ್ಯಕ್ತವಾಗುತ್ತದೆ. ನಮ್ಮ ಸರ್ವೋಚ್ಚ ನ್ಯಾಯಾಲಯವು 1967ರ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ವಿದೇಶಪ್ರಯಾಣವು ವೈಯಕ್ತಿಕ ಸ್ವಾತಂತ್ರ್ಯದ ಅಂಗವೆಂದು ತೀರ್ಪಿತ್ತಿತು. ಅದರ ಫಲವಾಗಿಯೇ ಅದೇ ವರ್ಷ ಪಾಸ್‌ಪೋರ್ಟು ಕಾಯಿದೆ ಬಂದಿತು. 1978ರ ಮೇನಕಾ ಗಾಂಧಿ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು ಈ ಹಕ್ಕನ್ನು ಕಿತ್ತುಕೊಳ್ಳುವ ವಿಧಾನವು ನ್ಯಾಯಯುತವಾಗಿರಬೇಕೆಂದು ವಿಧಿಸಿತು. ಇವು ಸ್ವದೇಶದ ಸರ್ಕಾರ ಹೊರಡಗೊಡದಿದ್ದಾಗಿನ ಮಾತುಗಳು, ಪರದೇಶದ ಸರ್ಕಾರ ಒಳಬಿಡದಿದ್ದಾಗಿನವಲ್ಲ ಎಂಬ ವ್ಯತ್ಯಾಸವನ್ನು ನಾವು ಮರೆತಿಲ್ಲ. ಆದರೂ ಕಾರಣ ಹೇಳುವ ಹೊಣೆ ಎಲ್ಲಿಯದು ಎಂಬ ಪ್ರಶ್ನೆ ಎರಡರಲ್ಲಿಯೂ ಒಂದೇ. ಅಮೆರಿಕದ ಶಾಸನವು ಮುಂಗಡ ಅನುಮತಿಯ ಅರ್ಹತೆಯ ತೀರ್ಮಾನವನ್ನು ಯಾವ ನ್ಯಾಯಾಲಯವೂ ಪರಿಶೀಲಿಸಕೂಡದೆಂದು ಸ್ಪಷ್ಟವಾಗಿ ಹೇಳುತ್ತದೆ. ಬ್ರಿಟನ್ನಿನಲ್ಲಿ ನಿರಾಕರಣೆಯ ಮೇಲೆ ಅಪೀಲಿಲ್ಲ. ಬೇಕಾದವರು ವೀಸಾಕ್ಕೆ ಅರ್ಜಿ ಹಾಕಿಕೊಳ್ಳಬಹುದು. ಇದು ವೀಸಾ ಅಲ್ಲ, ಆದ್ದರಿಂದ ಯಾರ ಹಕ್ಕಿಗೂ ಚ್ಯುತಿಯಾಗಿಲ್ಲ ಎಂಬ ತರ್ಕ ಉಪಯೋಗಕ್ಕೆ ಬರುವುದು ಇಲ್ಲಿಯೇ. ಐರೋಪ್ಯ ಒಕ್ಕೂಟದ ಶಾಸನವು ಈ ದೃಷ್ಟಿಯಿಂದ ಮೇಲು: ಯಂತ್ರವು ಅನುಮಾನಿಸಿದ ಅರ್ಜಿಯನ್ನು ಮನುಷ್ಯರೇ ನೋಡಿ ತೀರ್ಮಾನಿಸಬೇಕು, ನಿರಾಕರಣೆಗೆ ಕಾರಣವನ್ನು ತಿಳಿಸಬೇಕು, ಅಪೀಲಿಗೆ ಅವಕಾಶವಿರಬೇಕು ಎಂದು ಅದು ವಿಧಿಸುತ್ತದೆ. ಶಾಸನದ ಅಕ್ಷರ ಆಚರಣೆಗೆ ಹೇಗೆ ಇಳಿಯುವುದೆಂಬುದನ್ನು ಕಾದು ನೋಡಬೇಕು.

ಇತಿಹಾಸ ವಿಭಾಗದವರಾಗಿ ನಮಗೆ ಇನ್ನೊಂದು ಚಿಂತೆಯಿದೆ. ಕೊಮಗಾಟ ಮಾರುವಿನ ಪ್ರಯಾಣಿಕರ ಪೈಕಿ ಮುನ್ಷಿ ಸಿಂಗ್ ಎಂಬ ರೈತನ ಪ್ರಕರಣವನ್ನು ಮಾದರಿಯಾಗಿ ಆರಿಸಿಕೊಂಡು ವಿಚಾರಣಾ ಮಂಡಳಿಯ ಮುಂದಿಟ್ಟರು. 1914ರ ಜುಲೈಯಲ್ಲಿ ಬ್ರಿಟಿಷ್ ಕೊಲಂಬಿಯದ ಮೇಲ್ಮನವಿ ನ್ಯಾಯಾಲಯವು ಅವನ ಮನವಿಯನ್ನು ತಳ್ಳಿಹಾಕಿತು. ಅವನು ಸೋತನು. ಆದರೆ ಅವನು ಯಾರು, ಅವನನ್ನು ಏನು ಕೇಳಿದರು, ಯಾವ ಮೂರು ಆಜ್ಞೆಗಳ ಮೇರೆಗೆ ಅವನನ್ನು ತಡೆದರು, ಒಬ್ಬೊಬ್ಬ ನ್ಯಾಯಾಧೀಶನೂ ಯಾವ ಕಾರಣ ಕೊಟ್ಟನು ಎಂಬುದೆಲ್ಲ ಅಚ್ಚಾಗಿ ಉಳಿದಿದೆ; ಮೊಂಗಿಯಾ ಅವರಂಥವರು ಗ್ರಂಥ ಬರೆಯುವುದು ಸಾಧ್ಯವಾದುದು ಇಂಥ ಕಾಗದಗಳಿಂದ. ಐರೋಪ್ಯ ಒಕ್ಕೂಟದ ಶಾಸನದಂತೆ, ನಿರಾಕೃತ ಅರ್ಜಿಯ ವಿವರಗಳನ್ನು ಐದು ವರ್ಷಗಳ ನಂತರ ಅಳಿಸಬೇಕು. ಅರ್ಜಿದಾರನ ಹಿತದೃಷ್ಟಿಯಿಂದ ಇದು ಸರಿಯಾದ ನಿಯಮವೇ. ನಾವು ಅದನ್ನು ದೂರುವುದಿಲ್ಲ. ವಿಮಾನನಿಲ್ದಾಣದ ಮೇಜಿನಿಂದ ಹಿಂದಿರುಗಿದವನ ಕೈಯಲ್ಲಿ ಉಳಿಯುವುದು ಅವನಿಗೆ ಬಂದ ಒಂದು ಮಿಂಚಂಚೆ ಮಾತ್ರ. ವಿದೇಶಗಳಲ್ಲಿ ಬಂಧುಗಳಿರುವ ನಮ್ಮ ವಿದ್ಯಾರ್ಥಿಗಳು ಅಂಥ ಪತ್ರಗಳು ಕಣ್ಣಿಗೆ ಬಿದ್ದಾಗ, ಬಂಧುಗಳ ಒಪ್ಪಿಗೆ ಪಡೆದು, ಹೆಸರನ್ನು ಮರೆಸಿ, ದಿನಾಂಕವನ್ನು ಬರೆದು ಒಂದೊಂದು ಪ್ರತಿಯನ್ನು ಮುದ್ರಿಸಿಟ್ಟುಕೊಳ್ಳಬೇಕೆಂದು ನಮ್ಮ ಸೂಚನೆ.